ಹಳೆಯ ಕೋವಿಯ ತಿರುಪುಗಳು: ಆಯ್ಕೆ ಮತ್ತು ತಯಾರಿಕೆ

ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ವಸ್ತುಸಂಗ್ರಹಾಲಯದಲ್ಲಿ ನೋಡುವವರ ಕಣ್ಣು ಮೊದಲು ನಳಿಗೆಯ ಮೇಲೂ ಅನಂತರ ಮರದ ಹಿಡಿಯ ಮೇಲೂ ಹರಿಯುತ್ತದೆ. ಆದರೆ ಆ ಕೋವಿಯ ಕಾಲವನ್ನೂ ಕುಲವನ್ನೂ ಹೇಳಬಲ್ಲ ಸಾಕ್ಷಿಗಳಲ್ಲಿ ಅದರ ಲಾಕಿನ ತಿರುಪೂ ಒಂದು. ಚಿಕ್ಕದಾದುದರಿಂದ ಅದು ಸುಲಭವಾಗಿ ಕಳೆದುಹೋಗುತ್ತದೆ. ಆ ಸ್ಥಾನದಲ್ಲಿ ಅಂಗಡಿಯ ಯಾವುದೋ ತಿರುಪನ್ನು ಬಲವಂತವಾಗಿ ತುರುಕಿದರೆ, ಇನ್ನೂರು ವರ್ಷ ಬಾಳಿದ ಲಾಕು ಒಂದು ಗಳಿಗೆಯಲ್ಲಿ ಕೆಡುತ್ತದೆ. ಸರಿಯಾದ ತಿರುಪನ್ನು ಆರಿಸುವ ಮತ್ತು ಮಾಡುವ ಕ್ರಮವನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಲಾಕೆಂದರೆ ಮದ್ದಿಗೆ ಬೆಂಕಿ ಮುಟ್ಟಿಸುವ ಯಂತ್ರ. ಚಕಮಕಿ ಕಲ್ಲಿನ ಲಾಕು 17ನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. 19ನೆಯ ಶತಮಾನದ ಮಧ್ಯದ ವೇಳೆಗೆ ಕಲ್ಲಿನ ಸ್ಥಾನಕ್ಕೆ ಕೇಪು ಬಂದಿತಾದರೂ ಒಳಗಿನ ರಚನೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಉಕ್ಕಿನ ಅಥವಾ ಕಬ್ಬಿಣದ ಒಂದು ಹಲಗೆ. ಅದರ ಹೊರಮೈಯಲ್ಲಿ ಕಲ್ಲನ್ನು ಕಚ್ಚಿ ಹಿಡಿದ ಕುದುರೆ. ಒಳಮೈಯಲ್ಲಿ ಕುದುರೆಯೊಡನೆ ತಿರುಗುವ ಉರುಳೆ, ಉರುಳೆಯ ಕಚ್ಚಿಗೆ ಸಿಕ್ಕಿ ಅದನ್ನು ತಡೆಯುವ ಕೊಂಡಿ, ಮತ್ತು ಸ್ಪ್ರಿಂಗುಗಳು. ಇವೆಲ್ಲವನ್ನೂ ಹಲಗೆಗೆ ಬಂಧಿಸುವವು ಸಾಮಾನ್ಯವಾಗಿ ಎಂಟು-ಹತ್ತು ತಿರುಪುಗಳು.

ಈ ತಿರುಪುಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಸ್ಪ್ರಿಂಗಿನ ತಿರುಪು ಕೇವಲ ಬಿಗಿಹಿಡಿಯುವುದು. ತಡೆಗೊಂಡಿಯ ತಿರುಪಾದರೋ ಅಚ್ಚಿನಂತೆ ವರ್ತಿಸುವುದು. ಅದರ ತಲೆಯ ಕೆಳಗೆ ನುಣುಪಾದ ಕತ್ತು, ಕತ್ತಿನ ಆಚೆ ಮಾತ್ರ ಸುತ್ತು. (ತಿರುಪಿನ ಮೈಮೇಲಿನ ಸುರುಳಿಯ ಏಣನ್ನು ಇಲ್ಲಿ ಸುತ್ತು ಎಂದಿದ್ದೇವೆ, ಕಾರ್ಖಾನೆಗಳಲ್ಲಿ ಥ್ರೆಡ್ ಎಂಬ ಮಾತೇ ರೂಢಿ.) ಕತ್ತು ಉದ್ದವಾದರೆ ಕೊಂಡಿ ಅಲುಗಾಡುತ್ತದೆ, ಗಿಡ್ಡವಾದರೆ ತಿರುಪು ಬಿಗಿದೊಡನೆ ಕೊಂಡಿಯೇ ಸೆರೆಯಾಗುತ್ತದೆ. ಕೊಂಡಿ ಕಚ್ಚಿನಲ್ಲಿ ಪೂರ್ತಿ ಕೂರದಿದ್ದರೆ, ಎತ್ತಿ ನಿಲ್ಲಿಸಿದ ಕುದುರೆ ತಾನಾಗಿ ಬೀಳಬಹುದು. ಆದುದರಿಂದ ಇದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಕುದುರೆಯ ದವಡೆಯ ತಿರುಪಿನ ತಲೆಯಲ್ಲಿ ಸೀಳಿನ ಜೊತೆಗೆ ಅಡ್ಡ ರಂಧ್ರವೂ ಇರುವುದುಂಟು. ಕಲ್ಲನ್ನು ಬಿಗಿಯುವಾಗ ಸಣ್ಣ ಸಲಾಕೆ ತೂರಿಸಿ ತಿರುಗಿಸುವುದಕ್ಕಾಗಿ. ಇನ್ನು ಲಾಕನ್ನು ಮರಕ್ಕೆ ಕಟ್ಟುವ ಉದ್ದ ತಿರುಪುಗಳು ಹಿಡಿಯ ಎದುರು ಬದಿಯಿಂದ ಹೊಕ್ಕು ಲಾಕಿನ ಹಲಗೆಯಲ್ಲಿ ಕೊನೆಗೊಳ್ಳುತ್ತವೆ.

ಆಯ್ಕೆಯಲ್ಲಿ ಮುಖ್ಯವಾದ ತೊಡಕು ಸುತ್ತಿನದು. ಬ್ರಿಟನ್ನಿನಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಒಂದು ಸಾಮಾನ್ಯ ಅಳತೆಯನ್ನು ಸೂಚಿಸಿದುದು 1841ರಲ್ಲಿ. ಅಮೆರಿಕದಲ್ಲಿ ವಿಲಿಯಂ ಸೆಲರ್ಸ್ 1864ರಲ್ಲಿ. ಅದಕ್ಕೆ ಮೊದಲು ಪ್ರತಿಯೊಂದು ಕಮ್ಮಟವೂ ತನ್ನದೇ ಆದ ರಂಧ್ರದ ಉಕ್ಕಿನ ಪಟ್ಟಿಯಿಂದ ಸುತ್ತು ತೆಗೆಯುತ್ತಿತ್ತು. ಆ ಪಟ್ಟಿ ಲೋಹವನ್ನು ಕೊರೆಯುವಷ್ಟೇ ಹಿಂಡುತ್ತಲೂ ಇದ್ದುದರಿಂದ ಸುತ್ತಿನ ಏಣುಗಳು ದುಂಡಗಿರುತ್ತವೆ. ಒಂದು ಲಾಕಿನ ತಿರುಪು ಇನ್ನೊಂದಕ್ಕೆ ಹೊಂದದು. ಅದಕ್ಕಾಗಿಯೇ ಕೆಲಸಗಾರರು ತಿರುಪಿಗೂ ಅದರ ರಂಧ್ರಕ್ಕೂ ಜೋಡಿ ಗುರುತು ಹಾಕುತ್ತಿದ್ದರು. 1785ರಲ್ಲಿ ಪ್ಯಾರಿಸಿನಲ್ಲಿ ಒನೊರೆ ಬ್ಲಾಂ ತನ್ನ ಲಾಕುಗಳ ಭಾಗಗಳನ್ನು ಬೆರಸಿಟ್ಟು, ಕೈಗೆ ಬಂದುದನ್ನೇ ಆಯ್ದು ಜೋಡಿಸಬಹುದೆಂದು ತೋರಿಸಿದಾಗ ಥಾಮಸ್ ಜೆಫರ್ಸನ್ನನಿಗೆ ಅದು ಸೋಜಿಗವಾಗಿ ಕಂಡುದರ ಕಾರಣ ಇದೇ.

ಇಂದಿನ ಅಳತೆಗಳ ನಡುವೆಯೂ ಮೋಸವಿದೆ. ಇಂದು ತಯಾರಾಗುವ ಅಮೆರಿಕದ ಮಾದರಿ ಲಾಕುಗಳಲ್ಲಿ 8-32 ಎಂಬ ತಿರುಪು ಸಾಮಾನ್ಯ. ಅದರ ಹೊರವ್ಯಾಸ 4.17 ಮಿಲಿಮೀಟರು, ಸುತ್ತಿನಿಂದ ಸುತ್ತಿಗೆ 0.79 ಮಿಲಿಮೀಟರು. ನಮ್ಮ ಅಂಗಡಿಗಳ 4 ಮಿಲಿಮೀಟರಿನ ತಿರುಪಿನಲ್ಲಿ ಈ ಅಂತರ 0.70. ನೋಟಕ್ಕೆ ಎರಡೂ ಒಂದೇ; ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುವುದೂ ಉಂಟು. ಆದರೆ ಐದು ಸುತ್ತಿನಲ್ಲಿ ವ್ಯತ್ಯಾಸ ಸುಮಾರು 0.45 ಮಿಲಿಮೀಟರಿಗೆ ಏರಿ, ಅರ್ಧ ಸುತ್ತನ್ನು ಮೀರುತ್ತದೆ. ಲಾಕಿನ ಹಲಗೆಯ ದಪ್ಪ ನಾಲ್ಕು ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹಿಡಿಯುವುದೇ ಐದು ಸುತ್ತು. ಒತ್ತಾಯ ಮಾಡಿದರೆ ಐದೂ ನಾಶ. ಆದುದರಿಂದ ಉಳಿದಿರುವ ತಿರುಪಿನ ವ್ಯಾಸವನ್ನು ಅಳೆದು, ಅರ್ಧ ಅಂಗುಲದಲ್ಲಿ ಎಷ್ಟು ಸುತ್ತುಗಳಿವೆಯೆಂದು ಎಣಿಸಬೇಕು. ತಿರುಪೇ ಇಲ್ಲದಿದ್ದಲ್ಲಿ ರಂಧ್ರದ ಮೇಣದ ಅಚ್ಚು ತೆಗೆಯಬೇಕು. ರಂಧ್ರವನ್ನು ಹಿಗ್ಗಿಸುವುದು ಕಟ್ಟಕಡೆಯ ಉಪಾಯ. ರಂಧ್ರಕ್ಕೆ ತಕ್ಕಂತೆ ತಿರುಪನ್ನು ಮಾಡಬೇಕೇ ಹೊರತು ತಿರುಪಿಗೆ ತಕ್ಕಂತೆ ರಂಧ್ರವನ್ನಲ್ಲ.

ಮಾಡುವ ಕ್ರಮ ಹೀಗೆ. ಇಂಗಾಲಾಂಶ ಕಡಿಮೆಯಿರುವ ಮೆದು ಉಕ್ಕಿನ ಸಲಾಕೆಯನ್ನು, ತಲೆಯ ವ್ಯಾಸಕ್ಕಿಂತ ತುಸು ದಪ್ಪನಾದುದನ್ನು, ಲೇತಿಗೆ ಕೊಟ್ಟು ಮೊದಲು ಸುತ್ತಿನ ಭಾಗವನ್ನೂ ಬಳಿಕ ಕತ್ತನ್ನೂ ಕಡೆಯಬೇಕು. ಎಣ್ಣೆ ಹನಿಸುತ್ತ ಸುತ್ತು ತೆಗೆಯಬೇಕು. ತಲೆಯನ್ನು ಅರದಿಂದ ಮೆಲುವಾಗಿ ಉಬ್ಬುವಂತೆ ರೂಪಿಸಬೇಕು. ಸೀಳನ್ನು ಕೊನೆಗೆ, ತಿರುಪು ತನ್ನ ಸ್ಥಾನದಲ್ಲಿ ಪೂರ್ತಿ ಬಿಗಿದ ಮೇಲೆ ಗುರುತಿಸಿ ಸೀಳಬೇಕು. ಉತ್ತಮ ಕುಶಲಿಗಳು ಸೀಳುಗಳು ನಳಿಗೆಯ ಉದ್ದಕ್ಕೆ ಸಮನಾಗಿ ನಿಲ್ಲುವಂತೆ ಮಾಡುತ್ತಿದ್ದರು. ಹಳೆಯ ಸೀಳು ಕಿರಿದು. ಅಂಗಡಿಯ ತಿರುಪಿನ ಅಗಲವಾದ ಸೀಳು ಅಲ್ಲಿ ಕೂಡಲೇ ಪರಕೀಯವಾಗಿ ಕಾಣುತ್ತದೆ. ತಿರುಪುಳಿಯ ಅಲಗೂ ಸೀಳಿಗೆ ಸರಿಯಾಗಿ ಹೊಂದಬೇಕು. ತೆಳು ಅಲಗು ಜಾರಿ ಸೀಳಿನ ಅಂಚನ್ನು ಕಿತ್ತುಹಾಕುತ್ತದೆ.

ಬಳಿಕ ಗಟ್ಟಿಗೊಳಿಸುವುದು. ಎಲುಬಿನ ಮತ್ತು ತೊಗಲಿನ ಇದ್ದಲಿನ ನಡುವೆ ತಿರುಪುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಸಂದನ್ನು ಜೇಡಿಯಿಂದ ಮುಚ್ಚಿ, ಕೆಂಪು ಕಾವಿನಲ್ಲಿ ಕಾಯಿಸಿ ನೀರಿಗೆ ಹಾಕಿದರೆ ಹೊರಮೈ ಮಾತ್ರ ಬಿರುಸಾಗಿ ಒಳತಿರುಳು ಮೆದುವಾಗಿ ಉಳಿಯುತ್ತದೆ. ಆದರೆ ಅತಿಯಾದರೆ ತೆಳುವಾದ ಸುತ್ತು ಪೂರ್ತಿ ಬಿರುಸಾಗಿ ಗಾಜಿನಂತೆ ಒಡೆಯುತ್ತದೆ. ಅದನ್ನು ತಪ್ಪಿಸಲು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಮತ್ತೆ ಕಾಯಿಸಿ ನೀಲಿ ಬಣ್ಣ ಬರುವಂತೆ ಹದ ಮಾಡುವರು. ಹಳೆಯ ತಿರುಪಿನ ನೀಲಿ ಈ ಹದದ ಕುರುಹೂ ಹೌದು, ಅಲಂಕಾರವೂ ಹೌದು.

ಇದು ನಮಗೆ ದೂರದ ವಿಷಯವಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆಂದು ಮಾಡಿಸಿದ 'ಇಂಡಿಯಾ ಪ್ಯಾಟರ್ನ್' ಕೋವಿಯನ್ನು 1790ರ ದಶಕದಲ್ಲಿ ಬ್ರಿಟಿಷ್ ಸರ್ಕಾರವೇ ಅಂಗೀಕರಿಸಿತು. ಕೊಡಗಿನ ಮನೆಗಳಲ್ಲಿ ಕೋವಿಗೆ ಇಂದಿಗೂ ಕೈಲ್ ಪೊಳ್ದಿನಂದು ಪೂಜೆ ಸಲ್ಲುತ್ತದೆ. ಅಂಥ ಕೋವಿಯನ್ನು ಬಿಚ್ಚುವ ಮೊದಲು ನಳಿಗೆಯಲ್ಲಿ ಮದ್ದಿಲ್ಲವೆಂಬುದನ್ನು ಗಜದ ಕೋಲಿನಿಂದ ಖಚಿತಪಡಿಸಿಕೊಳ್ಳಬೇಕು. ಕೋವಿಯ ತಯಾರಿಕೆಗೂ ದುರಸ್ತಿಗೂ 1959ರ ಶಸ್ತ್ರ ಅಧಿನಿಯಮದಂತೆ ಪರವಾನಗಿ ಬೇಕೆಂಬುದನ್ನೂ ನೆನಪಿಡಬೇಕು.

ಸುತ್ತು ಸವೆದ ಹಳೆಯ ತಿರುಪನ್ನು ಎಸೆಯಬಾರದು. ಹೊಸದನ್ನು ಕೂರಿಸಿ, ಹಳೆಯದನ್ನು ಚೀಟಿ ಬರೆದು ಕೋವಿಯೊಡನೆಯೇ ಇಡುವುದು ಲೇಸು. ಹೆಸರು ಕೆತ್ತದೆ ಹೋದ ಕುಶಲಿಗಳ ಕೈಬರಹ ಉಳಿದಿರುವುದು ಇಂಥ ಕೆಲವು ಸುತ್ತುಗಳಲ್ಲಿ ಮಾತ್ರ.