ಬೇಸ್ ಗಿಟಾರ್

ಬೇಸ್ ಗಿಟಾರ್ ಮಂದ್ರ ಸ್ಥಾಯಿಯ ಸ್ವರಗಳನ್ನು ನುಡಿಸಲು ಬಳಸುವ ವಿದ್ಯುತ್ ತಂತಿವಾದ್ಯ. ಸಾಮಾನ್ಯವಾಗಿ ಇದಕ್ಕೆ ನಾಲ್ಕು ದಪ್ಪ ತಂತಿಗಳಿರುತ್ತವೆ. ಅವುಗಳನ್ನು ಕ್ರಮವಾಗಿ ಇ, ಎ, ಡಿ, ಜಿ ಎಂಬ ಸ್ವರಗಳಿಗೆ ಶ್ರುತಿ ಮಾಡಲಾಗುತ್ತದೆ. ಇವು ಸಾಧಾರಣ ಗಿಟಾರಿನ ದಪ್ಪನೆಯ ನಾಲ್ಕು ತಂತಿಗಳಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿರುತ್ತವೆ. ಇ ತಂತಿಯು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಿದರೆ ಜಿ ತಂತಿಯು 98 ಬಾರಿ ಕಂಪಿಸುತ್ತದೆ. ಡ್ರಮ್ಸ್‌ನೊಡನೆ ಸೇರಿ ಲಯವನ್ನು ಹಿಡಿದಿಡುವುದು, ಕಾರ್ಡ್‌ಗಳ ಮೂಲಸ್ವರವನ್ನು ಕೇಳುಗರಿಗೆ ತಲುಪಿಸುವುದು ಇದರ ಮುಖ್ಯ ಕೆಲಸಗಳು. ಹಾಡು ಕೇಳುವಾಗ ಬಹುಮಂದಿ ಈ ವಾದ್ಯವನ್ನು ಪ್ರತ್ಯೇಕವಾಗಿ ಗುರುತಿಸುವುದಿಲ್ಲ. ಆದರೆ ಅದು ನಿಂತರೆ ಹಾಡು ಬಡವಾದದ್ದು ಯಾರಿಗಾದರೂ ತಿಳಿಯುತ್ತದೆ.

ಇತಿಹಾಸ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ನೃತ್ಯ ಮತ್ತು ಜಾಝ್ ತಂಡಗಳಲ್ಲಿ ಮಂದ್ರ ಸ್ವರಗಳ ಹೊಣೆ ಡಬಲ್ ಬೇಸ್‌ನದಾಗಿತ್ತು. ಆಳೆತ್ತರದ ಆ ವಾದ್ಯವನ್ನು ಊರಿಂದೂರಿಗೆ ಸಾಗಿಸುವುದು ಕಷ್ಟ. ಡ್ರಮ್ಸ್ ಮತ್ತು ತುತ್ತೂರಿಗಳ ನಡುವೆ ಅದರ ದನಿ ಕೇಳಿಸುವುದು ಇನ್ನೂ ಕಷ್ಟ. ಸಿಯಾಟಲ್ ನಗರದ ಪಾಲ್ ಟುಟ್ಮಾರ್ಕ್ 1930ರ ದಶಕದಲ್ಲಿಯೇ ಗಿಟಾರಿನಂತೆ ಅಡ್ಡಲಾಗಿ ಹಿಡಿದು ನುಡಿಸುವ, ಫ್ರೆಟ್‌ಗಳುಳ್ಳ ವಿದ್ಯುತ್ ಬೇಸ್ ವಾದ್ಯವನ್ನು ತಯಾರಿಸಿ ಆಡಿಯೋವಾಕ್ಸ್ ಎಂಬ ಹೆಸರಿನಲ್ಲಿ ಮಾರಿದನು. ಅದು ಹೆಚ್ಚು ಜನರನ್ನು ತಲುಪಲಿಲ್ಲ.

ವಾದ್ಯವು ಇಂದಿನ ರೂಪ ಪಡೆದದ್ದು ಕ್ಯಾಲಿಫೋರ್ನಿಯದ ಲಿಯೋ ಫೆಂಡರ್‌ನಿಂದ. ಮೂಲತಃ ರೇಡಿಯೋ ರಿಪೇರಿಯವನಾದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಗಮನಾರ್ಹ. ಈತನ ಸಂಸ್ಥೆ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದಿತು. ಪ್ರಿಸಿಷನ್ ಎಂದರೆ ನಿಖರತೆ. ಡಬಲ್ ಬೇಸ್‌ಗೆ ಫ್ರೆಟ್‌ಗಳಿಲ್ಲದ ಕಾರಣ ಸ್ವರಸ್ಥಾನವನ್ನು ವಾದಕನೇ ಕಿವಿಯಿಂದ ಹುಡುಕಿಕೊಳ್ಳಬೇಕು; ಹೊಸ ವಾದ್ಯದಲ್ಲಿ ವೀಣೆಯ ಮೆಟ್ಟಿಲುಗಳಂತೆ ಫ್ರೆಟ್‌ಗಳಿದ್ದುದರಿಂದ ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ನುಡಿಯುತ್ತಿತ್ತು. ಹೆಸರು ಬಂದದ್ದು ಹಾಗೆ. ತಂತಿಯ ಕಂಪಿಸುವ ಭಾಗದ ಉದ್ದವನ್ನು ಫೆಂಡರ್ 34 ಅಂಗುಲಕ್ಕೆ ನಿಗದಿಪಡಿಸಿದನು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಬಹುಪಾಲು ತಯಾರಕರು ಅದೇ ಅಳತೆಯನ್ನು ಅನುಸರಿಸುತ್ತಾರೆ. 1957ರಲ್ಲಿ ಈ ವಾದ್ಯದ ಪಿಕಪ್ ಎರಡು ತುಂಡುಗಳಾಗಿ ಇಂದಿನ ರೂಪ ಪಡೆಯಿತು. 1960ರಲ್ಲಿ ಎರಡು ಪಿಕಪ್‌ಗಳುಳ್ಳ ಜಾಝ್ ಬೇಸ್ ಬಂದಿತು.

ಜರ್ಮನಿಯ ಹೋಫ್ನರ್ ಸಂಸ್ಥೆ 1956ರಲ್ಲಿ ಪಿಟೀಲಿನ ಆಕಾರದ, ಒಳಗೆ ಟೊಳ್ಳಾದ, ಹಗುರ ಬೇಸ್ ಒಂದನ್ನು ತಯಾರಿಸಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಅದನ್ನು ಕೊಂಡನು. ಬೆಲೆ ಕಡಿಮೆಯಿದ್ದುದು ಒಂದು ಕಾರಣ. ಎಡಗೈ ವಾದಕನಾದ ತಾನು ತಿರುಗಿಸಿ ಹಿಡಿದರೂ ಸಮರೂಪದ ಆ ವಾದ್ಯ ವಿಚಿತ್ರವಾಗಿ ಕಾಣುವುದಿಲ್ಲ ಎಂಬುದು ಇನ್ನೊಂದು.

ಉಪಕರಣಗಳು ಮತ್ತು ಅವುಗಳ ಬಗೆಗಿನ ವಾದಗಳು

ಉಕ್ಕಿನ ತಂತಿಯು ಆಯಸ್ಕಾಂತ ಮತ್ತು ತಾಮ್ರದ ಸುರುಳಿಯಿಂದಾದ ಪಿಕಪ್‌ನ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ತತ್ತ್ವ ಇಷ್ಟೇ ಆದರೂ ಇದರ ಪ್ರತಿಯೊಂದು ಹಂತದ ಬಗ್ಗೆಯೂ ವಾದಕರ ನಡುವೆ ಮುಗಿಯದ ವಾದಗಳಿವೆ. ಜಾಝ್ ಬೇಸ್‌ನ ಕುತ್ತಿಗೆ ಮೇಲ್ತುದಿಯಲ್ಲಿ ಸುಮಾರು 38 ಮಿಲಿಮೀಟರ್ ಅಗಲವಿದ್ದು ಸಣ್ಣ ಕೈಗೆ ಒಗ್ಗುತ್ತದೆ. ಪ್ರಿಸಿಷನ್ ಬೇಸ್ ಅದಕ್ಕಿಂತ ಅಗಲ. ಮೊದಲನೆಯದರ ನಾದ ಸ್ಫುಟವಾದದ್ದು, ಎರಡನೆಯದರದು ತುಂಬಿದ್ದು ಎಂಬುದು ರೂಢಿಯ ಮಾತು. ಸಂಗೀತ ಅಂಗಡಿಯ ನಿಶ್ಶಬ್ದದಲ್ಲಿ ದೊಡ್ಡದಾಗಿ ತೋರುವ ಈ ವ್ಯತ್ಯಾಸ ಪೂರ್ಣ ತಂಡದ ಗದ್ದಲದಲ್ಲಿ ಬಹಳಷ್ಟು ಕರಗಿಹೋಗುತ್ತದೆ.

ಮರದ ಜಾತಿಯ ಬಗ್ಗೆ ನಡೆಯುವಷ್ಟು ಚರ್ಚೆ ತಂತಿಗಳ ಬಗ್ಗೆ ನಡೆಯುವುದಿಲ್ಲ. ವಾಸ್ತವದಲ್ಲಿ ನಾದವನ್ನು ಬದಲಿಸುವ ಅತ್ಯಂತ ಅಗ್ಗದ ದಾರಿ ತಂತಿಯೇ. ಹೊರಸುತ್ತು ಚಪ್ಪಟೆಯಾಗಿರುವ ಫ್ಲಾಟ್‌ವೂಂಡ್ ತಂತಿಗಳು ಮೃದುವಾದ, ಗುಂಡಾದ ದನಿ ಕೊಡುತ್ತವೆ. ಅವು ವರ್ಷಗಟ್ಟಲೆ ಬಾಳುತ್ತವೆ. ದುಂಡು ಸುತ್ತಿನ ರೌಂಡ್‌ವೂಂಡ್ ತಂತಿಗಳು ಪಿಯಾನೋದಂತೆ ಝೇಂಕರಿಸುತ್ತವೆ. ಬೆವರು ಮತ್ತು ಕೊಳೆ ಸುತ್ತುಗಳ ಸಂದಿನಲ್ಲಿ ಸೇರಿದಂತೆ ಆ ಹೊಳಪು ಮಾಸುತ್ತದೆ. ರೌಂಡ್‌ವೂಂಡ್ ತಂತಿಗಳು 1960ರ ದಶಕದಲ್ಲಿ ರೂಪುಗೊಳ್ಳುವಲ್ಲಿ ದಿ ಹೂ ತಂಡದ ಜಾನ್ ಎಂಟ್ವಿಸಲ್ ಮತ್ತು ರೋಟೋಸೌಂಡ್ ಸಂಸ್ಥೆಯ ಪಾತ್ರ ದೊಡ್ಡದು.

1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ವಾದ್ಯದ ನಂತರ, ಒಡಲೊಳಗೇ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಇರುವ 'ಆಕ್ಟಿವ್' ಬೇಸ್‌ಗಳು ಹೆಚ್ಚಿದವು. ಇವುಗಳಲ್ಲಿ ಕೇಬಲ್ ಸಿಕ್ಕಿಸಿದೊಡನೆ ಬ್ಯಾಟರಿ ಚಾಲೂ ಆಗುತ್ತದೆ. ನುಡಿಸಿದ ಮೇಲೆ ಕೇಬಲ್ ಕಳಚಲು ಮರೆತವನ ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗಿ, ಮುಂದಿನ ಕಚೇರಿಯ ನಡುವೆ ಕೈಕೊಡುವುದುಂಟು. ಐದು ತಂತಿಯ ಬೇಸ್‌ನಲ್ಲಿ ಇ ತಂತಿಗಿಂತಲೂ ಕೆಳಗೆ, ಸುಮಾರು 31 ಹರ್ಟ್ಜ್‌ನ ಬಿ ತಂತಿಯೊಂದು ಸೇರುತ್ತದೆ. ಆರು ತಂತಿಯ ಬೇಸ್ ಆಂಥನಿ ಜ್ಯಾಕ್ಸನ್ ಅವರ ಕಲ್ಪನೆ. 1970ರ ದಶಕದಲ್ಲಿ ಅದು ತಯಾರಾಯಿತು.

ಮನುಷ್ಯನ ಕಿವಿ ಮಂದ್ರ ಸ್ವರಗಳಿಗೆ ಮಂದವಾಗಿಯೇ ಸ್ಪಂದಿಸುತ್ತದೆ. ಗಿಟಾರ್ ವಾದಕನಿಗೆ 30 ವ್ಯಾಟ್ ಧಾರಾಳವಾದರೆ ಅವನ ಪಕ್ಕದ ಬೇಸ್ ವಾದಕನಿಗೆ ಅದರ ಹತ್ತು ಪಟ್ಟು ಬೇಕಾಗುವುದು ಇದರಿಂದಲೇ. ಆಂಪೆಗ್ ಸಂಸ್ಥೆ 1969ರಲ್ಲಿ ಹೊರತಂದ ಎಸ್‌ವಿಟಿ ಎಂಬ ಕವಾಟ ಆಂಪ್ಲಿಫೈಯರ್‌ನ ಶಕ್ತಿ 300 ವ್ಯಾಟ್. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಅದನ್ನು ಬಳಸಿತು. ಆಂಪ್ಲಿಫೈಯರ್ ಒಂದೇ 35 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತಿತ್ತು. ಹತ್ತಂಗುಲದ ಎಂಟು ಸ್ಪೀಕರ್‌ಗಳ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಇಂದು ಕ್ಲಾಸ್ ಡಿ ತಂತ್ರಜ್ಞಾನದಿಂದ ಅಷ್ಟೇ ಶಕ್ತಿಯ ಉಪಕರಣ ಎರಡು ಮೂರು ಕಿಲೋಗ್ರಾಂಗೆ ಇಳಿದಿದೆ. ಹಳೆಯದರ ಬೆಚ್ಚನೆಯ ನಾದ ಇದರಲ್ಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಮೂರನೆಯ ಮಹಡಿಯ ಸಭಾಂಗಣಕ್ಕೆ ಅದನ್ನು ಹೊತ್ತವರು ಮಾತ್ರ ಆ ವಾದವನ್ನು ಬೇಗ ಕೈಬಿಡುತ್ತಾರೆ.

ನುಡಿಸುವ ಶೈಲಿಗಳು

ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳಿಂದ ಸರದಿಯಂತೆ ತಂತಿ ಮೀಟುವುದು ಹೆಚ್ಚು ಪ್ರಚಲಿತವಾದ ಕ್ರಮ. ಇದಕ್ಕೆ ಅಪವಾದವಾಗಿ ನಿಲ್ಲುವವನೇ ಈ ವಾದ್ಯದ ಅತ್ಯಂತ ಪ್ರಭಾವಿ ವಾದಕ. ಡೆಟ್ರಾಯಿಟ್‌ನ ಮೋಟೌನ್ ಧ್ವನಿಮುದ್ರಣ ಸಂಸ್ಥೆಯಲ್ಲಿ 1960ರ ದಶಕದುದ್ದಕ್ಕೂ ನುಡಿಸಿದ ಜೇಮ್ಸ್ ಜೇಮರ್ಸನ್ (1936–1983) ಕೇವಲ ತೋರುಬೆರಳೊಂದನ್ನೇ ಬಳಸುತ್ತಿದ್ದನು. ಜೊತೆಯವರು ಆ ಬೆರಳಿಗೆ 'ಕೊಕ್ಕೆ' ಎಂದು ಹೆಸರಿಟ್ಟಿದ್ದರು. 1962ರ ಒಂದು ಪ್ರಿಸಿಷನ್ ಬೇಸ್, ಅದರ ಮೇಲೆ ತುಂಡಾಗದ ಹೊರತು ಬದಲಿಸದ ಹಳೆಯ ಫ್ಲಾಟ್‌ವೂಂಡ್ ತಂತಿಗಳು, ಇಷ್ಟೇ ಅವನ ಸಾಮಗ್ರಿ. ಮೂಲಸ್ವರವನ್ನೇ ಗುದ್ದುವ ಪದ್ಧತಿಯನ್ನು ಬಿಟ್ಟು, ಹಾಡಿನೊಳಗೆ ಇನ್ನೊಂದು ಹಾಡು ಹರಿಯುವಂತೆ ಅವನು ಬೇಸ್ ನುಡಿಸಿದನು. ಆದರೆ ಮೋಟೌನ್ ತಟ್ಟೆಗಳ ಮೇಲೆ ವಾದಕರ ಹೆಸರು ಅಚ್ಚಾಗುತ್ತಿರಲಿಲ್ಲ. ಜಗತ್ತಿನಾದ್ಯಂತ ಯುವಕರು ಆ ಸಾಲುಗಳನ್ನು ಕಲಿಯುತ್ತಿದ್ದಾಗಲೂ ಅವು ಯಾರವು ಎಂಬುದು ಅವರಿಗೆ ತಿಳಿದಿರಲಿಲ್ಲ. ಮಾರ್ವಿನ್ ಗೇ ಅವರ 1971ರ 'ವಾಟ್ಸ್ ಗೋಯಿಂಗ್ ಆನ್' ಧ್ವನಿಮುದ್ರಿಕೆಯಲ್ಲಿ ವಾದಕರನ್ನು ಹೆಸರಿಸಲಾಯಿತು. ಸಂಸ್ಥೆ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡ ಮೇಲೆ ಅವನ ಅವಕಾಶಗಳು ಕುಗ್ಗಿದವು. ಮದ್ಯವ್ಯಸನವೂ ಸೇರಿ 47ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಕುರಿತ ಪುಸ್ತಕ ಬಂದದ್ದು 1989ರಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದದ್ದು 2000ದಲ್ಲಿ.

ಪಿಕ್‌ನಿಂದ ಮೀಟುವವರನ್ನು ಕೆಲವರು ಎರಡನೆಯ ದರ್ಜೆಯವರೆಂದು ಎಣಿಸುವುದುಂಟು. ಇದು ಆಧಾರವಿಲ್ಲದ ತಾತ್ಸಾರ. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಸಾವಿರಾರು ಧ್ವನಿಮುದ್ರಣಗಳಿಗೆ ನುಡಿಸಿದ ಕ್ಯಾರಲ್ ಕೇ ಪಿಕ್ ಬಳಸಿದವರೇ. ಗಿಟಾರ್ ವಾದಕಿಯಾಗಿದ್ದ ಆಕೆ 1963ರಲ್ಲಿ, ಬೇಸ್ ವಾದಕನೊಬ್ಬ ಧ್ವನಿಮುದ್ರಣಕ್ಕೆ ಬಾರದಿದ್ದ ದಿನ, ಈ ವಾದ್ಯವನ್ನು ಕೈಗೆತ್ತಿಕೊಂಡರು.

ಸ್ಲ್ಯಾಪ್ ಎಂಬ ಶೈಲಿಯಲ್ಲಿ ಹೆಬ್ಬೆರಳ ಗೆಣ್ಣಿನಿಂದ ತಂತಿಯನ್ನು ಬಡಿದು, ತೋರುಬೆರಳಿನಿಂದ ಇನ್ನೊಂದು ತಂತಿಯನ್ನು ಎಳೆದು ಬಿಡಲಾಗುತ್ತದೆ. ಇದರ ಹುಟ್ಟು ಕೊರತೆಯಿಂದ ಆದದ್ದು. ಲ್ಯಾರಿ ಗ್ರಹಾಂ ಎಂಬ ಯುವಕ ತಾಯಿಯೊಡನೆ ಸಣ್ಣ ತಂಡದಲ್ಲಿ ನುಡಿಸುತ್ತಿದ್ದಾಗ ಅವರಿಗೆ ಡ್ರಮ್ಸ್ ವಾದಕ ಇಲ್ಲದಾಯಿತು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಬದಲಾಗಿ ಹೆಬ್ಬೆರಳ ಬಡಿತ, ಸ್ನೇರ್ ಡ್ರಮ್ಮಿಗೆ ಬದಲಾಗಿ ಬೆರಳಿನ ಎಳೆತ ಎಂದು ಅವನು ಹೊಂದಿಸಿಕೊಂಡನು. ಮುಂದೆ ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್ ತಂಡದ ಮೂಲಕ ಇದು ಫಂಕ್ ಸಂಗೀತದ ಗುರುತಾಯಿತು. ಇಂದು ಕಲಿಯುವವರು ಎಲ್ಲಕ್ಕಿಂತ ಮೊದಲು ಇದನ್ನೇ ಕಲಿಯಬಯಸುತ್ತಾರೆ. ಕಚೇರಿಗಳಲ್ಲಿ ಇದಕ್ಕೆ ಅವಕಾಶ ದೊರೆಯುವುದು ಮಾತ್ರ ಅಪರೂಪ.

ಫ್ರೆಟ್‌ಗಳಿಲ್ಲದ ಬೇಸ್‌ಗೆ ಪ್ರಸಿದ್ಧಿ ತಂದವನು ಫ್ಲೋರಿಡಾದ ಜಾಕೋ ಪ್ಯಾಸ್ಟೋರಿಯಸ್. ಜಾಝ್ ಬೇಸ್ ಒಂದರ ಫ್ರೆಟ್‌ಗಳನ್ನು ಕಿತ್ತು, ಕಂಡಿಗಳನ್ನು ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಲೇಪಿಸಿ ಅವನು ಬಳಸುತ್ತಿದ್ದನು. 1976ರಲ್ಲಿ ಅವನ ಹೆಸರಿನದೇ ಧ್ವನಿಮುದ್ರಿಕೆ ಬಂದಾಗ, ಬೇಸ್ ವಾದ್ಯ ಹೀಗೂ ಹಾಡಬಲ್ಲದು ಎಂಬುದು ವಾದಕರಿಗೇ ಬೆರಗಾಯಿತು. ಮಾನಸಿಕ ಅಸ್ವಸ್ಥತೆಯಿಂದ ಬಳಲಿದ ಅವನು 1987ರಲ್ಲಿ, 35ನೆಯ ವಯಸ್ಸಿನಲ್ಲಿ, ಕ್ಲಬ್ ಒಂದರ ಹೊರಗೆ ತಿಂದ ಪೆಟ್ಟುಗಳಿಂದ ಮೃತಪಟ್ಟನು.

ಶೈಲಿ ಯಾವುದಾದರೂ ಎರಡು ಸಂಗತಿಗಳು ಬದಲಾಗುವುದಿಲ್ಲ. ಒಂದು, ಸ್ವರವನ್ನು ಯಾವಾಗ ಆರಂಭಿಸಬೇಕು ಎಂಬಷ್ಟೇ ಯಾವಾಗ ನಿಲ್ಲಿಸಬೇಕು ಎಂಬುದೂ ಮುಖ್ಯ. ಎಡಗೈಯ ಕೆಲಸದಲ್ಲಿ ಅರ್ಧ ಭಾಗ ತಂತಿಗಳನ್ನು ಸುಮ್ಮನಾಗಿಸುವುದೇ. ಇನ್ನೊಂದು, ಡ್ರಮ್ಸ್ ವಾದಕನ ಬಲಗಾಲಿನ ಪೆಟ್ಟಿನ ಮೇಲಿನ ಗಮನ. ಇವೆರಡೂ ಕೂಡಿಬಂದರೆ ಸಾಧಾರಣ ವಾದ್ಯವೂ ಚೆನ್ನಾಗಿ ಕೇಳಿಸುತ್ತದೆ.

ವೇದಿಕೆಯ ಬದುಕು

41 ಹರ್ಟ್ಜ್‌ನ ಧ್ವನಿತರಂಗದ ಉದ್ದ ಎಂಟು ಮೀಟರಿಗೂ ಹೆಚ್ಚು. ಆದ್ದರಿಂದ ಮಂದ್ರ ಸ್ವರಗಳು ಗೋಡೆಗಳಿಗೆ ತಾಗಿ ಮರಳುತ್ತ ಕೋಣೆಯ ಒಂದು ಮೂಲೆಯಲ್ಲಿ ಉಬ್ಬುತ್ತವೆ, ಇನ್ನೊಂದೆಡೆ ಅಡಗುತ್ತವೆ. ವೇದಿಕೆಯ ಮೇಲೆ ತನಗೆ ಕೇಳಿಸುತ್ತಿಲ್ಲವೆಂದು ವಾದಕ ಸದ್ದು ಏರಿಸಿದಾಗ ಹಿಂದಿನ ಸಾಲಿನಲ್ಲಿ ಕುಳಿತವರ ಎದೆ ನಡುಗುವುದು ಇದರಿಂದ. ಅನುಭವಿಗಳು ಇಂಥಲ್ಲಿ ಮಂದ್ರವನ್ನು ಏರಿಸದೆ ಮಧ್ಯಮ ಕಂಪನಾಂಕಗಳನ್ನು ತುಸು ಏರಿಸಿಕೊಳ್ಳುತ್ತಾರೆ. ಡಿ.ಐ. ಪೆಟ್ಟಿಗೆಯ ಮೂಲಕ ವಾದ್ಯದ ಸಂಕೇತವನ್ನು ನೇರವಾಗಿ ಮಿಕ್ಸರಿಗೆ ಕಳುಹಿಸುವ ರೂಢಿ ಬಂದ ಮೇಲೆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಅಗತ್ಯವೂ ತಗ್ಗಿದೆ.

ಕಿವಿಯ ರಕ್ಷಣೆಯ ವಿಷಯದಲ್ಲಿ ತಂಡಗಳು ತೋರುವ ಉದಾಸೀನ ಚಿಂತೆಗೆ ಕಾರಣವಾಗುವಂಥದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ನಲ್ಲಿ ಅದು ಕೇವಲ 15 ನಿಮಿಷ. ರಾಕ್ ಕಚೇರಿಯೊಂದು ಎರಡು ಗಂಟೆ ನಡೆಯುತ್ತದೆ, ಬೇಸ್ ವಾದಕ ನಿಲ್ಲುವುದೋ ಡ್ರಮ್ಸ್‌ನ ಲೋಹದ ತಟ್ಟೆಗಳ ಪಕ್ಕದಲ್ಲಿ. ಹೀಗೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ನಾಲ್ಕು ಕಿಲೋಗ್ರಾಂ ತೂಗುವ ವಾದ್ಯವನ್ನು ಒಂದೇ ಹೆಗಲಿಗೆ ತೂಗಿಸುವುದರಿಂದ ಬೆನ್ನು, ಭುಜಗಳ ನೋವೂ ಸಾಮಾನ್ಯ. ಅಗಲವಾದ ಪಟ್ಟಿ ಇದಕ್ಕೆ ಸುಲಭ ಪರಿಹಾರ.

ಕಳ್ಳತನ ಈ ಬದುಕಿನ ಇನ್ನೊಂದು ಕಾಟ. ಜೇಮರ್ಸನ್‌ನ ಪ್ರಿಸಿಷನ್ ಬೇಸ್ ಅವನ ಸಾವಿಗೆ ಸ್ವಲ್ಪ ಮೊದಲು ಕಳುವಾಯಿತು, ಇಂದಿಗೂ ಸಿಕ್ಕಿಲ್ಲ. ಪ್ಯಾಸ್ಟೋರಿಯಸ್‌ನ ವಾದ್ಯ 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಣ್ಮರೆಯಾಗಿ ಎಷ್ಟೋ ವರ್ಷಗಳ ನಂತರ ಪತ್ತೆಯಾಯಿತು; ಮೆಟಾಲಿಕಾ ತಂಡದ ರಾಬರ್ಟ್ ಟ್ರುಹಿಯೊ ಅವರ ನೆರವಿನಿಂದ ಕುಟುಂಬಕ್ಕೆ ಮರಳಿತು. ಮೆಕಾರ್ಟ್ನಿಯ ಹೋಫ್ನರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿತ್ತು. ಅದು ಸಿಕ್ಕಿದೆ ಎಂಬ ಪ್ರಕಟಣೆ ಹೊರಬಂದದ್ದು 2024ರಲ್ಲಿ.

ಭಾರತದಲ್ಲಿ

ದಕ್ಷಿಣ ಭಾರತದ ಕೇಳುಗರಿಗೆ ಬೇಸ್ ಗಿಟಾರಿನ ಪರಿಚಯವಾದದ್ದು ಹೆಚ್ಚಾಗಿ ಚಲನಚಿತ್ರಗಳಿಂದ. ಇಳಯರಾಜ ಅವರ ಸಂಯೋಜನೆಗಳಲ್ಲಿ ಬೇಸ್ ಕೇವಲ ಆಧಾರಶ್ರುತಿಯಾಗದೆ ಸ್ವತಂತ್ರವಾದ ರಾಗಸಾಲಾಗಿ ಚಲಿಸುತ್ತದೆ. ಶಂಕರ್ ನಾಗ್ ನಿರ್ದೇಶನದ 'ಗೀತಾ' (1981), ಮಣಿರತ್ನಂ ನಿರ್ದೇಶನದ 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಆ ಕಾಲದ ಕ್ಯಾಸೆಟ್ಟುಗಳ ಮೇಲೆ ಗಾಯಕರು, ಸಾಹಿತಿ ಮತ್ತು ಸಂಗೀತ ನಿರ್ದೇಶಕರ ಹೆಸರುಗಳಿರುತ್ತಿದ್ದವು; ವಾದಕರ ಹೆಸರುಗಳು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎ. ಆರ್. ರೆಹಮಾನ್ ಅವರ ಧ್ವನಿಮುದ್ರಣಗಳಿಂದ ಚೆನ್ನೈನ ಕೀತ್ ಪೀಟರ್ಸ್ ಹೆಸರು ಪರಿಚಿತವಾಯಿತು. ಮುಂಬಯಿಯ ಮೋಹಿನಿ ಡೇ ಬಾಲ್ಯದಿಂದಲೇ ನುಡಿಸತೊಡಗಿ ಅಂತರರಾಷ್ಟ್ರೀಯ ಮನ್ನಣೆ ಪಡೆದಿದ್ದಾರೆ.

ಬೆಂಗಳೂರಿನಲ್ಲಿ ಕನ್ನಡ ಹಾಡುಗಳನ್ನು ರಾಕ್ ಮತ್ತು ಜಾನಪದ ಧಾಟಿಯಲ್ಲಿ ನುಡಿಸುವ ತಂಡಗಳು ಬೇಸ್ ಗಿಟಾರನ್ನು ವೇದಿಕೆಯ ಮುಂಭಾಗಕ್ಕೆ ತಂದವು. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್, ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ ಈ ವಾದ್ಯ ನುಡಿಸಿದವರು.