ಕೀಲುನೋವು ಮತ್ತು ಮನೆಮದ್ದಿನ ವಿವೇಕ

ಹೊಸಪೇಟೆಗೆ ಹೊಂದಿಕೊಂಡಿರುವ ಚಿತ್ತವಾಡ್ಗಿಯ ಪರಿಸರವು ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ನೀರುಂಡ ನೆಲ. ಕೆಸರುಗದ್ದೆಯಲ್ಲಿ ಬಾಗಿ ಭತ್ತದ ನಾಟಿ ಮಾಡಿದವರಿಗೆ, ಕಬ್ಬಿನ ಹೊರೆ ಹೊತ್ತವರಿಗೆ ನಡುವಯಸ್ಸು ದಾಟಿದ ಮೇಲೆ ಮೊಣಕಾಲಿನ ನೋವು ಅಪರೂಪವಲ್ಲ. ನೀರಿನ ದಂಡೆಯ ಲಕ್ಕಿಸೊಪ್ಪು, ಹೊಲದಂಚಿನ ಔಡಲ, ಮನೆಯಲ್ಲಿರುವ ಶುಂಠಿ ಇವುಗಳಲ್ಲಿ ಗುಣವುಂಟು. ಆದರೆ ಯಾವ ನೋವಿಗೆ ಯಾವುದು ಎಂಬುದನ್ನು ಅರಿಯದೆ ಬಳಸಿದರೆ ಆ ಗುಣವೇ ದೋಷವಾಗಿ ಪರಿಣಮಿಸುವುದು.

ಆಯುರ್ವೇದವು ಕೀಲುನೋವನ್ನು ಒಂದೇ ರೋಗವೆಂದು ಬಗೆದಿಲ್ಲ. ಚರಕಸಂಹಿತೆಯು ವಾತವ್ಯಾಧಿಗಳಲ್ಲಿ ಹೇಳುವ ಸಂಧಿಗತವಾತದಲ್ಲಿ ಕೀಲನ್ನು ಮಡಚಿ ಚಾಚುವಾಗ ನೋವು ತೋರುವುದು; ಇಂದಿನವರು ಸವೆತದ ಸಂಧಿವಾತವೆನ್ನುವುದು ಇದಕ್ಕೆ ಸಮೀಪವಾದುದು. ಮಾಧವನಿದಾನವು ವಿವರಿಸುವ ಆಮವಾತದ ಬಗೆ ಬೇರೆ. ಪಚನವಾಗದ ಅನ್ನರಸವು ಆಮವಾಗಿ, ಕೆರಳಿದ ವಾತದೊಡನೆ ಕೀಲುಗಳನ್ನು ಸೇರುವುದೆಂದು ಅದರ ನಿರೂಪಣೆ. ಊತ, ಜಡತೆ, ಅರುಚಿ, ಜ್ವರ ಇದರ ಲಕ್ಷಣಗಳು. ರುಮಟಾಯ್ಡ್ ಸಂಧಿವಾತವನ್ನು ಇದಕ್ಕೆ ಹೋಲಿಸುವುದುಂಟು. ಮೂರನೆಯದು ವಾತರಕ್ತ, ಹೆಬ್ಬೆರಳು ಕೆಂಪಾಗಿ ಊದಿ ನೋಯುವ ಗೌಟ್ ರೋಗವನ್ನು ಇದರೊಡನೆ ಹೋಲಿಸುತ್ತಾರೆ.

ಈ ಭೇದವೇ ಚಿಕಿತ್ಸೆಯ ಬೀಗದ ಕೈ. ಸವೆತದ ನೋವಿಗೆ ಬೆಚ್ಚನೆಯ ಎಣ್ಣೆಯ ಅಭ್ಯಂಗ, ಲಕ್ಕಿಸೊಪ್ಪಿನ ಶಾಖ ಹಿತಕರ. ಆಮವಾತದ ಊತವಿರುವಾಗಲಾದರೋ ಎಣ್ಣೆ ತಿಕ್ಕುವುದನ್ನು ವೈದ್ಯರು ನಿಷೇಧಿಸುತ್ತಾರೆ. ಅಲ್ಲಿ ಮರಳನ್ನು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುವ ಒಣಶಾಖ, ಲಘುವಾದ ಆಹಾರ, ಶುಂಠಿಯ ಕಷಾಯ ಇವು ಕ್ರಮ. ಸಕ್ಕರೆಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಮರಳಿನ ಶಾಖ ಸಲ್ಲದು. ಸುಟ್ಟದ್ದು ಅವರಿಗೆ ತಿಳಿಯದು. ಔಡಲೆಣ್ಣೆಯನ್ನು ಹೊಟ್ಟೆಗೆ ಕೊಡುವುದು ವಿರೇಚನವಾದುದರಿಂದ ವೈದ್ಯನ ಸಲಹೆಯಿಲ್ಲದೆ, ವಿಶೇಷವಾಗಿ ಗರ್ಭಿಣಿಯರಿಗೆ, ಕೂಡದು.

ಸಸ್ಯಮೂಲದ್ದೆಲ್ಲ ನಿರಪಾಯಕರವೆಂಬುದು ಭ್ರಮೆ. ವಾತರಕ್ತದಲ್ಲಿ ಪ್ರಸಿದ್ಧವಾದ ಅಮೃತಬಳ್ಳಿಯನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಇನ್ನು ಹೆಸರು, ವಿವರ ಒಂದೂ ಇಲ್ಲದ ಪೊಟ್ಟಣದ ಪುಡಿಗಳ ವಿಷಯ. ಎರಡೇ ದಿನಗಳಲ್ಲಿ ನೋವು ಮಾಯವಾದರೆ ಹಿಗ್ಗುವುದಕ್ಕಿಂತ ಸಂಶಯಪಡುವುದು ಲೇಸು. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರಸಿರುವುದು ಹಲವೆಡೆ ಪರೀಕ್ಷೆಯಿಂದ ಬಯಲಾಗಿದೆ. ಬಹುದಿನ ಸೇವಿಸಿದರೆ ಮೂಳೆ ಟೊಳ್ಳಾಗುವುದು, ರಕ್ತದಲ್ಲಿ ಸಕ್ಕರೆ ಏರುವುದು. ಥಟ್ಟನೆ ನಿಲ್ಲಿಸಿದರೂ ಅಪಾಯ.

ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಗಂಟೆಗೂ ಮಿಕ್ಕಿ ಬಿಗಿದಿದ್ದು, ಎರಡೂ ಕೈಗಳ ಕೀಲುಗಳು ವಾರಗಟ್ಟಲೆ ಊದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಲಾಗದು. ರುಮಟಾಯ್ಡ್ ರೋಗದಲ್ಲಿ ಮೊದಲ ತಿಂಗಳುಗಳಲ್ಲಿಯೇ ತಕ್ಕ ಚಿಕಿತ್ಸೆ ದೊರೆತರೆ ಕೀಲುಗಳು ಉಳಿಯುವುವು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ತೈಲವೂ ನೆಟ್ಟಗೆ ಮಾಡಲಾರದು. ಒಂದೇ ಕೀಲು ಹಠಾತ್ತನೆ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ದುಡಿಯುವವನಿಗೆ ಕೈಕಾಲುಗಳೇ ಬಂಡವಾಳ. ಮೊದಲು ರೋಗದ ನಿರ್ಣಯ, ಅನಂತರ ಮದ್ದು; ಲಕ್ಕಿಸೊಪ್ಪನ್ನು ಕೊಯ್ಯುವ ಮುನ್ನ ಇದನ್ನು ನೆನೆದರೆ ಆ ಸೊಪ್ಪಿನ ಗುಣವೂ ಸಾರ್ಥಕವಾಗುವುದು.