ಬೀಚ್ ವನದಲ್ಲಿ ಕಡೆದ ಕಾಲುಗಳು

ಲಂಡನ್ನಿನ ವಾಯವ್ಯಕ್ಕೆ ಹಬ್ಬಿರುವ ಚಿಲ್ಟರ್ನ್ ಗುಡ್ಡಗಳ ಬೀಚ್ ವನಗಳಲ್ಲಿ, ಮರ ಉರುಳಿದ ಸ್ಥಳದಲ್ಲಿಯೇ, ಅದರ ರಸವಾರುವುದಕ್ಕೆ ಮುನ್ನವೇ, ಲೋಕಪ್ರಸಿದ್ಧವಾದ ವಿಂಡ್ಸರ್ ಕುರ್ಚಿಯ ಕಾಲುಗಳು ರೂಪ ತಳೆಯುತ್ತಿದ್ದವು. 19ನೆಯ ಶತಮಾನದಲ್ಲಿ ಸಮೀಪದ ಹೈ ವಿಕಂಬ್ ಪಟ್ಟಣವು ಕುರ್ಚಿಯ ಉದ್ಯಮದಿಂದ ಬೆಳೆದು, 1873ರಲ್ಲಿ ಮೂಡಿ ಮತ್ತು ಸ್ಯಾಂಕಿ ಎಂಬ ಅಮೆರಿಕದ ಧರ್ಮಪ್ರಚಾರಕರ ಸಭೆಗಳಿಗಾಗಿ 19,200 ಕುರ್ಚಿಗಳನ್ನು ಒದಗಿಸುವಷ್ಟು ಸಮರ್ಥವಾದುದಕ್ಕೆ, ಬಾಡ್ಜರ್ ಎನಿಸಿಕೊಂಡ ಈ ಕಾಡಿನ ಕಡಚಲುಗಾರರ ಪರಿಶ್ರಮವೂ ಆಧಾರವಾಗಿತ್ತು.

ಅವರ ಕಡಚಲು ಅತ್ಯಂತ ಸರಳವಾದುದು. ಬಳುಕುವ ಗಳುವೊಂದರ ತುದಿಯಿಂದ ಇಳಿದ ಹಗ್ಗವು ಮರದ ತುಂಡನ್ನು ಸುತ್ತಿ ಕೆಳಗಿನ ಮೆಟ್ಟುಹಲಗೆಯನ್ನು ಸೇರುತ್ತದೆ. ಮೆಟ್ಟಿದಾಗ ತುಂಡು ಕೆಲಸಗಾರನ ಕಡೆಗೂ, ಪಾದ ಸಡಿಲಿಸಿದೊಡನೆ ಗಳುವಿನ ಸೆಳೆತದಿಂದ ಹಿಂದಕ್ಕೂ, ಹಗ್ಗಕ್ಕೆ ಸಿಕ್ಕಿದ ಕಡೆಗೋಲಿನಂತೆ ತಿರುಗುತ್ತದೆ. ಉಳಿ ಮರವನ್ನು ಕೊರೆಯುವುದು ಮೊದಲಿನ ಅರ್ಧದಲ್ಲಿ ಮಾತ್ರ. ಆದುದರಿಂದ ಕಲಿಯುವವನಿಗೆ ಮೊದಲ ಪಾಠ ಪಾದದ್ದು: ಮೆಟ್ಟುವಾಗ ಉಳಿಯನ್ನು ಒತ್ತಿ, ಬಿಡುವಾಗ ಕೂದಲೆಳೆಯಷ್ಟು ಸಡಿಲಿಸುವ ಲಯವು ಮೈಗೂಡುವವರೆಗೆ ಆಕೃತಿಯ ಚಿಂತೆಯೇ ಸಲ್ಲದು. ಅನಂತರ ಉಳಿಯ ಇಳಿಜಾರಾದ ಮೈಯನ್ನು ಮರಕ್ಕೆ ತಾಗಿಸಿಟ್ಟು, ಹಿಡಿಯನ್ನು ಮೆಲ್ಲನೆ ಎತ್ತುತ್ತ, ಅಲಗು ತಾನಾಗಿ ಕಚ್ಚುವ ಕೋನವನ್ನು ಅರಸಬೇಕು.

ಹಸಿಮರವು ಮೃದುವಾದ ಕಾರಣ ಇಷ್ಟು ಅಲ್ಪಶಕ್ತಿಯ ಯಂತ್ರವೂ ಸಾಲುತ್ತಿತ್ತು. ಕಡಚಲಿಗೆ ಏರಿಸುವ ಮುನ್ನ ದಿಮ್ಮಿಯನ್ನು ಬೆಣೆ ಹೊಡೆದು ಸೀಳಿ, ಕೊಡಲಿಯಿಂದ ಒರಟಾಗಿ ಕೆತ್ತಿ, ಎರಡು ಹಿಡಿಗಳ ಎಳೆಗತ್ತಿಯಿಂದ ಸವರುತ್ತಿದ್ದರು. ಗರಗಸವು ನಾರನ್ನು ಅಡ್ಡಾದಿಡ್ಡಿಯಾಗಿ ತುಂಡರಿಸಬಲ್ಲುದು. ಬೆಣೆಯಾದರೋ ಮರದ ಸ್ವಭಾವವನ್ನನುಸರಿಸಿಯೇ ಸಾಗುವುದರಿಂದ, ಸೀಳಿದ ಕಾಲಿನ ನಾರು ತುದಿಯಿಂದ ತುದಿಗೆ ಅಖಂಡವಾಗಿ ಉಳಿದು, ತೆಳ್ಳಗೆ ಕಡೆದರೂ ಮುರಿಯದು. ಇದನ್ನು ಕೇವಲ ಕೈಚಳಕವೆನ್ನಲು ನನ್ನ ಮನಸ್ಸು ಒಪ್ಪದು, ಇದು ಶಾಸ್ತ್ರವೇ.

ಕಡೆದ ಕಾಲುಗಳನ್ನು ಒಟ್ಟಿ ಒಣಗಲಿಟ್ಟಾಗ, ಮರವು ವರ್ಷಬಳೆಗಳ ಜಾಡಿನಲ್ಲಿ ಹೆಚ್ಚಾಗಿಯೂ ಅವುಗಳಿಗೆ ಅಡ್ಡವಾಗಿ ಕಡಿಮೆಯಾಗಿಯೂ ಕುಗ್ಗುವುದರಿಂದ, ದುಂಡಾದುದು ತುಸು ಅಂಡಾಕಾರಕ್ಕೆ ತಿರುಗುತ್ತಿತ್ತು. ಕುರ್ಚಿಯನ್ನು ಜೋಡಿಸುವವರು ಪಟ್ಟಣದ ಬೇರೆ ಕುಶಲಿಗಳು. ಸುಲಭವಾಗಿ ಸೀಳದ ಎಲ್ಮ್ ಮರದ ಪೀಠದಲ್ಲಿ ಅವರು ರಂಧ್ರ ಕೊರೆದು ಕಾಲುಗಳನ್ನು ಕೂರಿಸುತ್ತಿದ್ದರು.

ಕಾರ್ಖಾನೆಗಳ ವೇಗದ ಲೇತುಗಳು ಬಲಗೊಂಡಂತೆ ಬಾಡ್ಜರರ ಬಿಡಾರಗಳು ವಿರಳವಾದುವು. ದ್ವಿತೀಯ ಮಹಾಯುದ್ಧದ ತರುವಾಯ ಬೆರಳೆಣಿಕೆಯ ವೃದ್ಧರು ಮಾತ್ರ ಉಳಿದರು. ಆದರೂ ಹಸಿಮರದ ವಿದ್ಯೆಯಲ್ಲಿ ಆಸಕ್ತಿ ಮರಳಿ ಚಿಗುರಿ, 1990ರಲ್ಲಿ ಗಳುವಿನ ಕಡಚಲನ್ನು ನಡೆಸುವವರು ಬ್ರಿಟನ್ನಿನಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು.